ಅಪ್ಪನ ಹಳೇ ಎಂಪಿ3 ಪ್ಲೇಯರನ್ನು ಕಾರಿನ ಕ್ಯಾಸೆಟ್ ಸ್ಟೀರಿಯೋಗೆ ಜೋಡಿಸುವುದು ಹೇಗೆ?

ಮೂರ್ನಾಡು ತೋಟ (ಅಕ್ಟೋಬರ್ 21, ರಾತ್ರಿ 8:50)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು 2004ರ ಮಾರುತಿ 800. ಆಗ ಅಂಗಡಿಯಲ್ಲಿ ಹಾಕಿಸಿದ ಕ್ಯಾಸೆಟ್ ಸ್ಟೀರಿಯೋ ಈಗಲೂ ಇದೆ. ಎಫ್‌ಎಂ ಚೆನ್ನಾಗಿ ಬರುತ್ತದೆ. ಕ್ಯಾಸೆಟ್ ಹಾಕಿ ಏಳೆಂಟು ವರ್ಷವಾಯಿತು. ಮುಂಭಾಗದಲ್ಲಿ ವೈರ್ ಸಿಕ್ಕಿಸುವ ತೂತು ಇಲ್ಲ, ಯುಎಸ್‌ಬಿ ಇಲ್ಲ.

ಅಪ್ಪನಿಗೆ 78 ವರ್ಷ. ಅವರ ಹತ್ತಿರ 2008ರಲ್ಲಿ ತೆಗೆದುಕೊಂಡ ಸಣ್ಣ ಎಂಪಿ3 ಪ್ಲೇಯರ್ ಇದೆ. ಅದರ ಮೈಕಿನಲ್ಲೇ ಅವರು ಒಂದು ಪುತ್ತರಿಯ (ನಮ್ಮ ಸುಗ್ಗಿ ಹಬ್ಬದ) ರಾತ್ರಿ ದೊಡ್ಡಪ್ಪನ ಹಾಡು ರೆಕಾರ್ಡ್ ಮಾಡಿದ್ದರು. ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಕೂತು ದುಡಿ ಬಾರಿಸುತ್ತಾ ಹಾಡಿದ್ದು, ಸುಮಾರು 40 ನಿಮಿಷ ಇದೆ. ದೊಡ್ಡಪ್ಪ ಈಗಿಲ್ಲ. ಬೇರೆ ಯಾರ ಹತ್ತಿರವೂ ಅವರ ದನಿ ಇಲ್ಲ.

ಮೂರು ತಿಂಗಳಿಗೊಮ್ಮೆ ಅಪ್ಪನನ್ನು ಡಾಕ್ಟರಿಗೆ ತೋರಿಸಲು ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ. ಹೋಗುವುದಕ್ಕೇ ಮೂರು ಗಂಟೆ ಹಿಡಿಯುತ್ತದೆ. ಆ ಹಾಡು ಕೇಳುತ್ತಾ ಹೋಗಬೇಕು ಅಂತ ಅವರ ಆಸೆ. ಕಿವಿಗೆ ಯಂತ್ರ ಹಾಕಿರುವುದರಿಂದ ಇಯರ್‌ಫೋನ್ ಆಗುವುದಿಲ್ಲ. ಮೊಬೈಲ್ ಅವರಿಗೆ ಒಗ್ಗಿಲ್ಲ. ಈ ಪ್ಲೇಯರಿನ ಗುಂಡಿಗಳು ಮಾತ್ರ ಕೈಗೆ ಗೊತ್ತು.

ಒಂದು ಅಂಗಡಿಯಲ್ಲಿ ತೋರಿಸಿದೆ. ಹಿಂದೆ ಏನೋ ಜೋಡಿಸಿ ನೋಡಿ, ಸದ್ದು ಬರಲಿಲ್ಲ, ಸ್ಟೀರಿಯೋ ಹೋಗಿದೆ, ಹೊಸದು ಹಾಕಿಸಿ ಅಂದರು. ಎಫ್‌ಎಂ ಬರುವಾಗ ಹೋಗಿದೆ ಅಂದರೆ ಹೇಗೆ? ಗೊತ್ತಿದ್ದವರು ಹೇಳಿ. ಪುತ್ತರಿ ಒಳಗೆ ಆದರೆ ತುಂಬಾ ಸಂತೋಷ.

ಸಂಪಾಜೆ ಘಾಟಿ (ಅಕ್ಟೋಬರ್ 21, ರಾತ್ರಿ 9:35)

ಅಣ್ಣ, ಸುಲಭದ ದಾರಿ ಎಫ್‌ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವುದು. ಪ್ಲೇಯರಿನ ಇಯರ್‌ಫೋನ್ ತೂತಿನಿಂದ ಅದಕ್ಕೆ ಒಂದು ವೈರ್ ಕೊಡಬೇಕು. ಅದು ಒಂದು ಪುಟ್ಟ ರೇಡಿಯೋ ಸ್ಟೇಷನ್ ತರಹ. ಅದರಲ್ಲಿ 88.3 ಅಂತ ಇಟ್ಟರೆ, ಕಾರಿನ ರೇಡಿಯೋದಲ್ಲೂ 88.3 ಇಡಿ, ಮುಗಿಯಿತು. ಸ್ಟೀರಿಯೋ ಬಿಚ್ಚುವ ಕೆಲಸವೇ ಇಲ್ಲ.

ತೆಗೆದುಕೊಳ್ಳುವಾಗ ಒಂದು ವಿಷಯ ನೋಡಿ. ಈಗ ಬರುವುದರಲ್ಲಿ ಎಷ್ಟೋ ಬ್ಲೂಟೂತ್ ಮತ್ತು ಪೆನ್‌ಡ್ರೈವ್‌ಗೆ ಮಾತ್ರ. ವೈರ್ ಸಿಕ್ಕಿಸುವ ತೂತು ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ನಾನು ಟ್ಯಾಕ್ಸಿ ಓಡಿಸುವವನು, ನಾಲ್ಕು ವರ್ಷ ಇದನ್ನೇ ಬಳಸಿದ್ದೇನೆ. ತೊಂದರೆಯನ್ನೂ ಹೇಳಬೇಕು. ಮಡಿಕೇರಿ ಆಕಾಶವಾಣಿ 103.1ರಲ್ಲಿ ಬರುತ್ತದೆ, ಅದರ ಹತ್ತಿರ ಎಲ್ಲೂ ಇಡಬೇಡಿ. ಸುಳ್ಯ ಕಡೆ ಇಳಿಯುತ್ತಾ ಹೋದರೆ ಮಂಗಳೂರಿನ 100.3 ಸಿಗುತ್ತದೆ. ಮೈಸೂರು ಕಡೆ ಹೋದರೆ 100.6 ಇದೆ, ಖಾಸಗಿ ಸ್ಟೇಷನ್‌ಗಳೂ ಇವೆ. ಮಡಿಕೇರಿಯಲ್ಲಿ ಖಾಲಿ ಇದ್ದ ಜಾಗ ಮೈಸೂರಿನಲ್ಲಿ ಖಾಲಿ ಇರುವುದಿಲ್ಲ. ದಾರಿಯಲ್ಲಿ ಎರಡು ಸಲ ಬದಲಾಯಿಸಬೇಕಾಗುತ್ತದೆ.

ಸೋಮವಾರಪೇಟೆ ಮೇಷ್ಟ್ರು (ಅಕ್ಟೋಬರ್ 21, ರಾತ್ರಿ 10:20)

ಸಂಪಾಜೆಯವರು ಹೇಳಿದ್ದು ಸರಿ. ಯಾಕೆ ಹಾಗಾಗುತ್ತದೆ ಅಂತ ಎರಡು ಮಾತು ಸೇರಿಸುತ್ತೇನೆ. ಎಫ್‌ಎಂ ರೇಡಿಯೋಗೆ ಒಂದು ಗುಣ ಇದೆ. ಒಂದೇ ಜಾಗದಲ್ಲಿ ಎರಡು ಸಿಗ್ನಲ್ ಬಂದರೆ ಜೋರಾಗಿರುವುದನ್ನು ಹಿಡಿದುಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತದೆ. ಈ ಪುಟ್ಟ ಟ್ರಾನ್ಸ್‌ಮಿಟರಿನ ಶಕ್ತಿ ತೀರಾ ಕಡಿಮೆ. ನಮ್ಮ ಗುಡ್ಡದ ರಸ್ತೆಯಲ್ಲಿ ದೂರದ ಸ್ಟೇಷನ್ ಒಂದು ತಿರುವಿನಲ್ಲಿ ಮರೆಯಾಗಿ ಮುಂದಿನ ತಿರುವಿನಲ್ಲಿ ಎದುರು ಬರುತ್ತದೆ. ಆಗ ಹಾಡು ಹೋಗುತ್ತದೆ, ಮತ್ತೆ ಬರುತ್ತದೆ. ಸಿನಿಮಾ ಹಾಡಾದರೆ ಪರವಾಗಿಲ್ಲ. ದೊಡ್ಡಪ್ಪನ ದನಿಯನ್ನು ಹಾಗೆ ಕೇಳಲು ಅಪ್ಪನಿಗೆ ಬೇಸರವಾಗಬಹುದು. ಸಾಧ್ಯವಾದರೆ ವೈರಿನಲ್ಲೇ ಜೋಡಿಸಿ.

ಆದರೆ ನನಗೆ ಸ್ಟೀರಿಯೋಗಿಂತ ಜಾಸ್ತಿ ಚಿಂತೆ ಆಗಿರುವುದು ಆ ಪ್ಲೇಯರಿನ ಬಗ್ಗೆ. 2008ರದ್ದು ಅಂದಿರಿ. ಆ ರೆಕಾರ್ಡಿಂಗಿನ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ? ಇಲ್ಲದಿದ್ದರೆ ಕಾರಿನ ಕೆಲಸ ಆಮೇಲೆ ಮಾಡಿ. ಮೊದಲು ಕಂಪ್ಯೂಟರಿಗೆ ಸಿಕ್ಕಿಸಿ ಫೈಲುಗಳನ್ನು ನಕಲು ಮಾಡಿಕೊಳ್ಳಿ. ಇವತ್ತೇ ಮಾಡಿದರೆ ಒಳ್ಳೆಯದು. ಅಂಥ ಪ್ಲೇಯರುಗಳಲ್ಲಿ ಇರುವುದು ಲಿಥಿಯಂ ಬ್ಯಾಟರಿ. ಹಳೆಯದಾದ ಮೇಲೆ ಕೆಲವು ಊದಿಕೊಳ್ಳುತ್ತವೆ. ಹಿಂದಿನ ಮುಚ್ಚಳ ಉಬ್ಬಿದಂತೆ ಕಂಡರೆ ಚಾರ್ಜ್ ಮಾಡಲೇಬೇಡಿ, ತಿಳಿದವರಿಗೆ ತೋರಿಸಿ.

ಮೂರ್ನಾಡು ತೋಟ (ಅಕ್ಟೋಬರ್ 22, ಬೆಳಿಗ್ಗೆ 7:15)

ಮೇಷ್ಟ್ರೇ, ನಿಮ್ಮ ಮಾತು ಓದಿ ರಾತ್ರಿಯೇ ಎದ್ದು ನೋಡಿದೆ. ಉಬ್ಬಿಲ್ಲ. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಹೋದ ತಿಂಗಳು ತಂಗಿಯ ಗಂಡನ ಹೊಸ ಕಾರಿನ ಯುಎಸ್‌ಬಿಗೆ ಈ ಪ್ಲೇಯರನ್ನೇ ಸಿಕ್ಕಿಸಿದ್ದೆವು. ಹಾಡುಗಳೆಲ್ಲ ಬಂದವು. ದೊಡ್ಡಪ್ಪನ ರೆಕಾರ್ಡಿಂಗ್ ಮಾತ್ರ ಪಟ್ಟಿಯಲ್ಲೇ ಕಾಣಲಿಲ್ಲ. ಅಳಿಸಿಹೋಯಿತೇನೋ ಅಂತ ಎಲ್ಲರೂ ಹೆದರಿದೆವು. ಪ್ಲೇಯರಿನಲ್ಲಿ ಹಾಕಿದರೆ ಬರುತ್ತದೆ. ಇದು ಯಾಕೆ ಹೀಗೆ?

ಸೋಮವಾರಪೇಟೆ ಮೇಷ್ಟ್ರು (ಅಕ್ಟೋಬರ್ 22, ಬೆಳಿಗ್ಗೆ 8:40)

ಹೆದರಬೇಡಿ. ಹಾಡುಗಳು ಎಂಪಿ3 ಫೈಲುಗಳು. ಆದರೆ ಆ ಕಾಲದ ಎಷ್ಟೋ ಪ್ಲೇಯರುಗಳು ಮೈಕಿನಿಂದ ರೆಕಾರ್ಡ್ ಮಾಡಿದ್ದನ್ನು ಎಂಪಿ3 ಆಗಿ ಉಳಿಸುತ್ತಿರಲಿಲ್ಲ. ಡಬ್ಲ್ಯುಎವಿ ಅಥವಾ ಬೇರೆ ಯಾವುದಾದರೂ ಬಗೆಯಲ್ಲಿ ಉಳಿಸುತ್ತಿದ್ದವು. ಅದೂ ಜಾಗ ಉಳಿಸಲು ಒತ್ತಿ ಚಿಕ್ಕದು ಮಾಡಿದ ಡಬ್ಲ್ಯುಎವಿ. ಕಾರಿನ ಸ್ಟೀರಿಯೋ ತನಗೆ ಗೊತ್ತಿರುವ ಬಗೆಗಳನ್ನು ಮಾತ್ರ ತೋರಿಸುತ್ತದೆ. ಉಳಿದದ್ದು ಅದರ ಪಾಲಿಗೆ ಇಲ್ಲವೇ ಇಲ್ಲ.

ಕಂಪ್ಯೂಟರಿಗೆ ಸಿಕ್ಕಿಸಿದಾಗ ವಾಯ್ಸ್ ಅಥವಾ ರೆಕಾರ್ಡ್ ಅನ್ನುವ ಹೆಸರಿನ ಫೋಲ್ಡರ್ ಹುಡುಕಿ. ಅದರಲ್ಲಿರುವುದನ್ನು ಹಾಗೇ ನಕಲು ಮಾಡಿ ಇಡಿ. ಮೂಲ ಫೈಲಿಗೆ ಕೈ ಹಾಕಬೇಡಿ, ಹೆಸರೂ ಬದಲಾಯಿಸಬೇಡಿ. ನಕಲನ್ನು ಅಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ ತೆರೆದು ಎಂಪಿ3 ಆಗಿ ಇನ್ನೊಂದು ಪ್ರತಿ ತೆಗೆಯಬಹುದು. ವಿಎಲ್‌ಸಿ ಪ್ಲೇಯರಿನಲ್ಲೂ ಆಗುತ್ತದೆ. ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ತಂಗಿಯ ಮನೆಯಲ್ಲಿ ಒಂದು ಇರಲಿ.

ತಂಗಿಯ ಗಂಡನ ಕಾರಿನಲ್ಲೂ ಕೇಳಬೇಕಾದರೆ ಪೆನ್‌ಡ್ರೈವ್ ಎಫ್‌ಎಟಿ32 ಬಗೆಯಲ್ಲಿ ಫಾರ್ಮ್ಯಾಟ್ ಆಗಿರಲಿ. ಎನ್‌ಟಿಎಫ್‌ಎಸ್ ಇದ್ದರೆ ಎಷ್ಟೋ ಕಾರಿನ ಸ್ಟೀರಿಯೋಗಳು ಓದುವುದೇ ಇಲ್ಲ. 32 ಜಿಬಿ ಒಳಗಿನದ್ದಾದರೆ ಸುಲಭ.

ವಿರಾಜಪೇಟೆ ಜೀಪು (ಅಕ್ಟೋಬರ್ 22, ಮಧ್ಯಾಹ್ನ 1:05)

ಕ್ಯಾಸೆಟ್ ಸ್ಟೀರಿಯೋ ಇದೆ ಅಂದಮೇಲೆ ಕ್ಯಾಸೆಟ್ ಅಡಾಪ್ಟರ್ ಹಾಕಿ ನೋಡಿ ಅಣ್ಣ. ನೋಡಲು ಕ್ಯಾಸೆಟ್ ತರಹವೇ ಇರುತ್ತದೆ, ಆದರೆ ಒಳಗೆ ಟೇಪ್ ಇರುವುದಿಲ್ಲ. ಟೇಪ್ ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಹೆಡ್ ಇರುತ್ತದೆ. ಅದರಿಂದ ಹೊರಗೆ ಬರುವ ವೈರನ್ನು ಪ್ಲೇಯರಿಗೆ ಸಿಕ್ಕಿಸಬೇಕು. ಹಾಡಿಗೆ ತಕ್ಕಂತೆ ಆ ಹೆಡ್‌ನಲ್ಲಿ ಅಯಸ್ಕಾಂತದ ಶಕ್ತಿ ಏರಿಳಿಯುತ್ತದೆ. ಎದುರಿಗಿರುವ ಸ್ಟೀರಿಯೋದ ಹೆಡ್ ಅದನ್ನೇ ಟೇಪ್ ಅಂದುಕೊಂಡು ಓದುತ್ತದೆ.

ನನ್ನ ಜೀಪಿನಲ್ಲಿ 2007ರಿಂದ ಇದೆ. ಮಾಕುಟ್ಟ ಘಾಟಿಯಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗದ ಕಡೆಯೂ ಹಾಡು ನಿಂತದ್ದಿಲ್ಲ. ಹಾಕುವ ಮೊದಲು ಸ್ಟೀರಿಯೋದ ಹೆಡ್ ಒರೆಸಿ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆಲ್ಲಗೆ ಉಜ್ಜಿದರೆ ಕಂದು ಬಣ್ಣದ ಕೊಳೆ ಬರುತ್ತದೆ. ಎಷ್ಟು ಕೊಳೆ ಹೋಗುತ್ತದೋ ಅಷ್ಟು ಸದ್ದು ತಿಳಿಯಾಗುತ್ತದೆ.

ಗೋಣಿಕೊಪ್ಪ ಅಕ್ಕ (ಅಕ್ಟೋಬರ್ 23, ಸಂಜೆ 6:30)

ಇಲ್ಲೇ ಒಂದು ಪ್ರಶ್ನೆ ಕೇಳಬಹುದಾ? ನನ್ನದು ಇವರಿಗೆ ತದ್ವಿರುದ್ಧ. ಕಾರು ಹೊಸದು, ಬ್ಲೂಟೂತ್ ಇದೆ, ಯುಎಸ್‌ಬಿ ಇದೆ, ಆಕ್ಸ್ ತೂತು (ಹೊರಗಿನ ಪ್ಲೇಯರಿನ ವೈರ್ ಸಿಕ್ಕಿಸುವುದು) ಇಲ್ಲ. ಪ್ಲೇಯರ್ ಹಳೇ ಐಪಾಡ್ ಕ್ಲಾಸಿಕ್. ಯುಎಸ್‌ಬಿಗೆ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ಹಾಡು ಬರುವುದಿಲ್ಲ. ಬ್ಲೂಟೂತ್ ಅದರಲ್ಲಿ ಇಲ್ಲವೇ ಇಲ್ಲ.

ಸೋಮವಾರಪೇಟೆ ಮೇಷ್ಟ್ರು (ಅಕ್ಟೋಬರ್ 23, ಸಂಜೆ 7:10)

ಅಕ್ಕ, ಐಪಾಡ್ ಪೆನ್‌ಡ್ರೈವಿನಂತೆ ಅಲ್ಲ. ಕಾರಿಗೆ ಅದರ ಭಾಷೆ ಗೊತ್ತಿದ್ದರೆ ಮಾತ್ರ ಹಾಡು ಬರುತ್ತದೆ. ಕ್ಲಾಸಿಕ್ ನಿಂತದ್ದು 2014ರಲ್ಲಿ. 2022ರಲ್ಲಿ ಕೊನೆಯ ಐಪಾಡ್ ಟಚ್ ಕೂಡ ನಿಂತಿತು. ಹಾಗಾಗಿ ಹೊಸ ಕಾರುಗಳಲ್ಲಿ ಅದಕ್ಕೆ ಬೆಂಬಲ ಸಿಗುವುದು ಕಷ್ಟ.

ನಿಮಗೆ ಬೇಕಾದದ್ದು ಬ್ಲೂಟೂತ್ ಟ್ರಾನ್ಸ್‌ಮಿಟರ್. ಬೆಂಕಿಪೊಟ್ಟಣದಷ್ಟು ಇರುತ್ತದೆ. ಐಪಾಡಿನ ಇಯರ್‌ಫೋನ್ ತೂತಿಗೆ ಸಿಕ್ಕಿಸಿದರೆ ಅದು ಕಾರಿನ ಬ್ಲೂಟೂತ್‌ಗೆ ಹಾಡು ಕಳಿಸುತ್ತದೆ. ಅಂಗಡಿಯಲ್ಲಿ ರಿಸೀವರ್ ಕೊಟ್ಟುಬಿಡುತ್ತಾರೆ, ಅದು ಬೇಡ. ರಿಸೀವರ್ ಬೇಕಾಗುವುದು ಕಾರಿನಲ್ಲಿ ಆಕ್ಸ್ ಇದ್ದು ಬ್ಲೂಟೂತ್ ಇಲ್ಲದವರಿಗೆ. ಕಳಿಸುವುದು ಬೇಕು ಅಂತ ಸ್ಪಷ್ಟವಾಗಿ ಹೇಳಿ. ಎರಡೂ ಕೆಲಸ ಮಾಡುವುದೂ ಸಿಗುತ್ತದೆ, ಅದರಲ್ಲಿ ಸ್ವಿಚ್ ಇರುತ್ತದೆ. ಕಾರಿಗೆ ಜೋಡಿಸುವಾಗ ಮನೆಯವರ ಮೊಬೈಲುಗಳ ಬ್ಲೂಟೂತ್ ಎಲ್ಲ ಆಫ್ ಮಾಡಿಡಿ, ಇಲ್ಲದಿದ್ದರೆ ಅದು ಕಾರನ್ನು ಬಿಟ್ಟು ಬೇರೆ ಯಾವುದನ್ನೋ ಹುಡುಕುತ್ತಾ ಕೂರುತ್ತದೆ.

ಮೂರ್ನಾಡು ತೋಟ (ಅಕ್ಟೋಬರ್ 29, ರಾತ್ರಿ 9:00)

ಮೊದಲು ಒಳ್ಳೆಯ ಸುದ್ದಿ. ಫೈಲುಗಳು ಸಿಕ್ಕವು. ಒಟ್ಟು ಮೂರು. ಮೇಷ್ಟ್ರು ಹೇಳಿದ ಹಾಗೇ ಡಬ್ಲ್ಯುಎವಿ. ಮೂರು ಕಡೆ ನಕಲು ಮಾಡಿಟ್ಟೆ. ಈಗ ನೆಮ್ಮದಿಯಾಗಿ ನಿದ್ದೆ ಬರುತ್ತದೆ.

ಕಾರಿನ ಕೆಲಸ ಇನ್ನೂ ಆಗಿಲ್ಲ. ಕ್ಯಾಸೆಟ್ ಅಡಾಪ್ಟರ್ ತರಿಸಿ ಹಾಕಿದೆ. ಎರಡು ಸೆಕೆಂಡ್ ಹಾಡು ಬರುತ್ತದೆ, ಟಕ್ ಅಂತ ಸದ್ದಾಗಿ ಆ ಕಡೆ ತಿರುಗುತ್ತದೆ, ಮತ್ತೆ ಟಕ್ ಅಂತ ಈ ಕಡೆ. ಕೊನೆಗೆ ಹೊರಗೆ ತಳ್ಳಿಬಿಡುತ್ತದೆ. ಆ ಎರಡು ಸೆಕೆಂಡ್ ಸದ್ದು ಮಾತ್ರ ಬಹಳ ಚೆನ್ನಾಗಿತ್ತು.

ಕುಶಾಲನಗರ ವೈರಿಂಗ್ (ಅಕ್ಟೋಬರ್ 29, ರಾತ್ರಿ 10:45)

ನಾನು 27 ವರ್ಷದಿಂದ ಕಾರಿನ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಸ್ಟೀರಿಯೋ ಆಟೋ ರಿವರ್ಸ್ ಬಗೆಯದ್ದು. ಸುರುಳಿ ತಿರುಗುವುದು ನಿಂತರೆ ಟೇಪ್ ಮುಗಿಯಿತು ಅಂತ ತಿಳಿದು ಇನ್ನೊಂದು ಬದಿಗೆ ಹೋಗುತ್ತದೆ. ಅಡಾಪ್ಟರಿನೊಳಗೆ ಸಣ್ಣ ಹಲ್ಲುಚಕ್ರಗಳಿವೆ. ಅವು ಸುಮ್ನೆ ತಿರುಗುತ್ತಾ ಟೇಪ್ ಓಡುತ್ತಿದೆ ಅಂತ ಸ್ಟೀರಿಯೋಗೆ ತೋರಿಸುವ ಕೆಲಸ ಮಾಡುತ್ತವೆ. ಪೆನ್ನಿನಿಂದ ಒಂದು ಚಕ್ರ ತಿರುಗಿಸಿ ನೋಡಿ. ಇನ್ನೊಂದೂ ಸಲೀಸಾಗಿ ತಿರುಗಿದರೆ ಅಡಾಪ್ಟರ್ ಸರಿ ಇದೆ. ಆಗ ತೊಂದರೆ ಸ್ಟೀರಿಯೋದ ರಬ್ಬರ್ ಬೆಲ್ಟಿನದ್ದು.

ಕೊಡಗಿನ ಮಳೆಗೆ, ಬಳಸದೆ ಇಟ್ಟ ಬೆಲ್ಟ್ ಸಡಿಲವಾಗುತ್ತದೆ, ಕೆಲವು ಸಲ ಅಂಟು ಅಂಟಾಗಿ ಕರಗಿದಂತೆ ಆಗಿರುತ್ತದೆ. ಅಳತೆಗೆ ಸರಿಯಾದ ಬೆಲ್ಟ್ ಸಿಕ್ಕಿದರೆ ಬದಲಾಯಿಸಬಹುದು. ಆದರೆ ಅದು ಸಣ್ಣ ಕೆಲಸ ಅಲ್ಲ.

ನನಗೆ ಬೇರೆ ಒಂದು ವಿಷಯ ಬೇಕು. ನಿಮ್ಮ ಮೊದಲ ಬರಹದಲ್ಲಿ ಅಂಗಡಿಯವರು ಹಿಂದೆ ಏನೋ ಜೋಡಿಸಿ ನೋಡಿದರು ಅಂದಿರಿ. ಏನು ಜೋಡಿಸಿದರು? ಸ್ಟೀರಿಯೋದ ಹಿಂದೆ ದುಂಡಗಿನ, ಕೆಂಪು ಬಿಳಿ ಬಣ್ಣದ ಪಿನ್‌ಗಳು ಇವೆಯೇ? ಹಳೇ ಟಿವಿಗೆ ಡಿವಿಡಿ ಪ್ಲೇಯರ್ ಜೋಡಿಸುತ್ತಿದ್ದ ಬಗೆಯವು. ಸ್ಟೀರಿಯೋ ಹೊರಗೆ ಎಳೆಸಿ ಒಂದು ಫೋಟೋ ತೆಗೆಯಿರಿ. ಎಳೆಯುವ ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ.

ಮೂರ್ನಾಡು ತೋಟ (ನವೆಂಬರ್ 2, ಸಂಜೆ 5:20)

ಅಣ್ಣ, ಚಕ್ರಗಳು ಚೆನ್ನಾಗಿ ತಿರುಗುತ್ತವೆ. ನೀವು ಹೇಳಿದ ಹಾಗೇ ಬೆಲ್ಟಿನದ್ದೇ ಇರಬೇಕು.

ಸ್ಟೀರಿಯೋ ಎಳೆದು ನೋಡಿದೆವು. ಹಿಂದೆ ಎರಡು ಜೋಡಿ ಕೆಂಪು ಬಿಳಿ ಪಿನ್ ಇವೆ! ಒಂದು ಜೋಡಿ ಉದ್ದ ವೈರಿನ ತುದಿಯಲ್ಲಿ ನೇತಾಡುತ್ತಿದೆ. ಅಂಗಡಿಯವರು ಅದಕ್ಕೇ ಜೋಡಿಸಿದ್ದರು. ಇನ್ನೊಂದು ಜೋಡಿ ಪೆಟ್ಟಿಗೆಯ ಮೈಗೇ ಅಂಟಿಕೊಂಡಿದೆ, ಧೂಳು ಮುಚ್ಚಿತ್ತು. ಅಕ್ಷರ ಸಣ್ಣದು, ಟಾರ್ಚ್ ಹಾಕಿ ಓದಿದೆ. ನೇತಾಡುವುದರ ಮೇಲೆ ಲೈನ್ ಔಟ್ ಅಂತ ಇದೆ. ಮೈಗೆ ಇರುವುದರ ಮೇಲೆ ಆಕ್ಸ್ ಇನ್ ಅಂತ ಇದೆ.

ಕುಶಾಲನಗರ ವೈರಿಂಗ್ (ನವೆಂಬರ್ 2, ಸಂಜೆ 5:50)

ಅಲ್ಲಿಗೆ ಉತ್ತರ ಸಿಕ್ಕಿತು ನೋಡಿ. ಲೈನ್ ಔಟ್ ಅಂದರೆ ಸ್ಟೀರಿಯೋದಿಂದ ಹೊರಗೆ ಆಂಪ್ಲಿಫೈಯರಿಗೆ ಹೋಗುವ ದಾರಿ. ಅದಕ್ಕೆ ಪ್ಲೇಯರ್ ಜೋಡಿಸಿದರೆ ಜನ್ಮದಲ್ಲಿ ಸದ್ದು ಬರುವುದಿಲ್ಲ. ನಿಮ್ಮ ಸ್ಟೀರಿಯೋ ಚೆನ್ನಾಗಿದೆ. ಒಳಗೆ ಹೋಗುವ ದಾರಿ ಆಕ್ಸ್ ಇನ್, ಅದಕ್ಕೇ ಜೋಡಿಸಬೇಕು.

ಬೇಕಾದದ್ದು ಒಂದೇ ವೈರ್. ಒಂದು ತುದಿಯಲ್ಲಿ 3.5 ಮಿ.ಮೀ. ಜಾಕ್ (ಇಯರ್‌ಫೋನ್ ವೈರಿನ ತುದಿಯಂಥದ್ದು), ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಪಿನ್. ಜಾಕಿನ ಮೇಲೆ ಎರಡು ಕಪ್ಪು ಗೆರೆ ಇರುವುದು ತನ್ನಿ. ತುದಿ ಎಡಕ್ಕೆ, ನಡುವಿನದ್ದು ಬಲಕ್ಕೆ, ಬುಡದ್ದು ಅರ್ಥ್. ಮೂರು ಗೆರೆ ಇದ್ದರೆ ಅದರಲ್ಲಿ ಮೈಕಿನ ಸಂಪರ್ಕವೂ ಇರುತ್ತದೆ, ಹಳೇ ಪ್ಲೇಯರಿನಲ್ಲಿ ಸರಿಯಾಗಿ ಕೂರದೆ ತೊಂದರೆ ಕೊಡಬಹುದು. ಕೆಂಪು ಪಿನ್ ಕೆಂಪಿಗೆ, ಅದು ಬಲ. ಬಿಳಿ ಬಿಳಿಗೆ, ಅದು ಎಡ.

ವೈರನ್ನು ಡ್ಯಾಶ್‌ಬೋರ್ಡಿನ ಹಿಂದಿನಿಂದ ತಂದು ಗ್ಲೋವ್ ಬಾಕ್ಸಿನೊಳಗೆ ಬಿಡಿ. ಗೇರಿನ ಹತ್ತಿರ, ಪೆಡಲಿನ ಹತ್ತಿರ ಎಲ್ಲೂ ನೇತಾಡಬಾರದು. ಘಾಟಿಯಲ್ಲಿ ಕ್ಲಚ್ ಒತ್ತುವಾಗ ಕಾಲಿಗೆ ವೈರ್ ಸಿಕ್ಕರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಜೋಡಿಸಿದ ಮೇಲೆ ಮುಂದಿನ ಗುಂಡಿಯಲ್ಲಿ ಆಕ್ಸ್ ಆಯ್ಕೆ ಮಾಡಬೇಕು. ಸೋರ್ಸ್ ಅಥವಾ ಮೋಡ್ ಅಂತ ಇರುತ್ತದೆ. ಒತ್ತುತ್ತಾ ಹೋದರೆ ರೇಡಿಯೋ, ಟೇಪ್ ಆದಮೇಲೆ ಬರಬೇಕು. ಬರದಿದ್ದರೆ ಸೆಟ್ಟಿಂಗಿನಲ್ಲಿ ಆಕ್ಸ್ ಆಫ್ ಇರುತ್ತದೆ, ಆನ್ ಮಾಡಿ.

ಇನ್ನೊಂದು ಮಾತು, ಇದನ್ನು ಓದುವ ಎಲ್ಲರಿಗೂ. ಪ್ಲೇಯರಿನ ವೈರನ್ನು ಕತ್ತರಿಸಿ ಸೀದಾ ಸ್ಪೀಕರ್ ವೈರಿಗೆ ಸುತ್ತಬೇಡಿ. ಹಾಗೆ ಮಾಡಿಸಿಕೊಂಡು ಬಂದ ಗಾಡಿಗಳನ್ನು ನೋಡಿದ್ದೇನೆ. ಸ್ಟೀರಿಯೋ ಆನ್ ಆದ ಕೂಡಲೇ ಪ್ಲೇಯರ್ ಸುಟ್ಟುಹೋಗಬಹುದು.

ಸಂಪಾಜೆ ಘಾಟಿ (ನವೆಂಬರ್ 2, ರಾತ್ರಿ 8:00)

ಇಷ್ಟು ದಿನ ನನ್ನ ಸ್ಟೀರಿಯೋದ ಹಿಂದೆ ಏನಿದೆ ಅಂತ ನಾನೂ ನೋಡಿರಲಿಲ್ಲ. ನಾಳೆಯೇ ನೋಡುತ್ತೇನೆ.

ಮೂರ್ನಾಡು ತೋಟ (ನವೆಂಬರ್ 9, ರಾತ್ರಿ 8:15)

ಸದ್ದು ಬಂತು! ಅಪ್ಪ ಇನ್ನೂ ಕೇಳಿಲ್ಲ. ಎಲ್ಲ ಸರಿಯಾದ ಮೇಲೆ ಕೇಳಿಸೋಣ ಅಂತ ಇದ್ದೇನೆ. ಎರಡು ತೊಂದರೆ ಉಳಿದಿವೆ.

ಒಂದು, ಕಾರ್ ಚಾರ್ಜರಿನಿಂದ ಪ್ಲೇಯರ್ ಚಾರ್ಜಿಗೆ ಹಾಕಿದರೆ ಕುಂಯ್ ಅಂತ ಸಣ್ಣ ಸದ್ದು ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಸ್ವರ ಏರುತ್ತದೆ. ಚಾರ್ಜರ್ ತೆಗೆದರೆ ಇಲ್ಲ. ಆದರೆ ಪ್ಲೇಯರಿನ ಬ್ಯಾಟರಿ ಒಂದು ಗಂಟೆಗಿಂತ ಜಾಸ್ತಿ ಬರುವುದಿಲ್ಲ.

ಎರಡು, ಒಂದೊಂದು ಸಲ ಬಲಗಡೆ ಸ್ಪೀಕರ್ ಮಾತ್ರ ಮಾತಾಡುತ್ತದೆ. ಜಾಕ್ ಸ್ವಲ್ಪ ತಿರುಗಿಸಿದರೆ ಎರಡೂ ಬರುತ್ತವೆ.

ಕುಶಾಲನಗರ ವೈರಿಂಗ್ (ನವೆಂಬರ್ 9, ರಾತ್ರಿ 9:30)

ಮೊದಲನೆಯದು ಆಲ್ಟರ್ನೇಟರಿನ (ಎಂಜಿನ್ ಜೊತೆ ತಿರುಗುತ್ತಾ ಕರೆಂಟ್ ಕೊಡುವ ಯಂತ್ರದ) ಸದ್ದು. ಪ್ಲೇಯರಿಗೆ ಈಗ ಎರಡು ಕಡೆಯಿಂದ ಅರ್ಥ್ ಸಿಗುತ್ತಿದೆ. ಒಂದು ಚಾರ್ಜರಿನ ಕಡೆಯಿಂದ, ಇನ್ನೊಂದು ಆಕ್ಸ್ ವೈರಿನ ಕಡೆಯಿಂದ. ಎರಡೂ ಸೇರಿ ಒಂದು ಸುತ್ತು ಆಗುತ್ತದೆ. ಆ ಸುತ್ತಿನಲ್ಲಿ ಎಂಜಿನ್ ಕಡೆಯ ಕರೆಂಟಿನ ಏರಿಳಿತ ನುಸುಳಿ ಸ್ಪೀಕರಿಗೆ ಬರುತ್ತದೆ. ಎಂಜಿನ್ ವೇಗ ಏರಿದರೆ ಸ್ವರ ಏರುವುದು ಅದಕ್ಕೇ.

ಇದಕ್ಕೆ ಗ್ರೌಂಡ್ ಲೂಪ್ ಐಸೋಲೇಟರ್ ಅಂತ ಒಂದು ಸಣ್ಣ ಡಬ್ಬಿ ಸಿಗುತ್ತದೆ. ಕೆಲವು ನೂರು ರೂಪಾಯಿ. ಆಕ್ಸ್ ವೈರಿನ ನಡುವೆ ಹಾಕಬೇಕು. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿವೆ. ಹಾಡು ದಾಟುತ್ತದೆ, ವೈರಿಗೆ ವೈರ್ ಮುಟ್ಟುವುದಿಲ್ಲ, ಆದ್ದರಿಂದ ಸುತ್ತು ಕಡಿದುಹೋಗುತ್ತದೆ. ತೀರಾ ಅಗ್ಗದ್ದು ತೆಗೆದರೆ ಬೇಸ್ ಸ್ವಲ್ಪ ಕಡಿಮೆಯಾಗುತ್ತದೆ.

ನಿಮ್ಮ ವಿಷಯದಲ್ಲಿ ಅದೂ ಬೇಡ. ಮೊಬೈಲಿಗೆ ಬಳಸುವ ಪವರ್ ಬ್ಯಾಂಕ್ ಇದೆಯಲ್ಲ, ಅದರಿಂದ ಪ್ಲೇಯರಿಗೆ ಚಾರ್ಜ್ ಕೊಡಿ. ಪವರ್ ಬ್ಯಾಂಕನ್ನು ಮಾತ್ರ ಕಾರಿಗೆ ಸಿಕ್ಕಿಸಬೇಡಿ, ಮನೆಯಲ್ಲೇ ತುಂಬಿಸಿಕೊಂಡು ಬನ್ನಿ. ಕಾರಿನ ಕರೆಂಟಿಗೂ ಪ್ಲೇಯರಿಗೂ ಆಗ ಸಂಬಂಧವೇ ಇರುವುದಿಲ್ಲ.

ವಿರಾಜಪೇಟೆ ಜೀಪು (ನವೆಂಬರ್ 9, ರಾತ್ರಿ 9:55)

ಎರಡನೆಯದು ನಮ್ಮ ಊರಿನ ಥಂಡಿಯ ಕೆಲಸ. ಮಳೆಗಾಲದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುವ ಹಾಗೆ ಜಾಕಿನ ಲೋಹಕ್ಕೂ ಕಪ್ಪು ಪದರ ಬರುತ್ತದೆ. ಜಾಕನ್ನು ಆಲ್ಕೋಹಾಲಿನಲ್ಲಿ ಒರೆಸಿ. ಆಮೇಲೆ ಜಾಕಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಒಂದು ಹನಿ ಹಚ್ಚಿ ಪ್ಲೇಯರಿನ ತೂತಿಗೆ ಹತ್ತು ಸಲ ಹಾಕಿ ತೆಗೆಯಿರಿ. ಪ್ಲೇಯರ್ ಆಫ್ ಮಾಡಿಕೊಂಡೇ ಇದನ್ನು ಮಾಡಿ. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಹಾಕಬೇಡಿ, ಆಮೇಲೆ ಧೂಳು ಕಟ್ಟಿಕೊಳ್ಳುತ್ತದೆ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಪ್ಲೇಯರನ್ನು ಗಾಡಿಯಲ್ಲಿ ಬಿಡಲೇಬೇಡಿ. ಹೊಸ ಶೂ ಡಬ್ಬದಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಇಡಿ. ಬೇಸಿಗೆಯಲ್ಲೂ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಡಬೇಡಿ, ಆ ಬ್ಯಾಟರಿಗೆ ಅದೂ ಒಳ್ಳೆಯದಲ್ಲ.

ಸೋಮವಾರಪೇಟೆ ಮೇಷ್ಟ್ರು (ನವೆಂಬರ್ 10, ಬೆಳಿಗ್ಗೆ 6:50)

ಸದ್ದಿನ ಬಗ್ಗೆ ಒಂದು ಸಲಹೆ. ಪ್ಲೇಯರಿನ ವಾಲ್ಯೂಮ್ ಮುಕ್ಕಾಲು ಇಡಿ, ಉಳಿದದ್ದನ್ನು ಸ್ಟೀರಿಯೋದಲ್ಲಿ ಏರಿಸಿ. ಪ್ಲೇಯರ್ ಕಡಿಮೆ ಇಟ್ಟು ಸ್ಟೀರಿಯೋ ಜಾಸ್ತಿ ಮಾಡಿದರೆ ಸುಯ್ ಅನ್ನುವ ಸದ್ದೂ ಜೊತೆಗೆ ಏರುತ್ತದೆ. ಪ್ಲೇಯರ್ ಪೂರ್ತಿ ಏರಿಸಿದರೆ ದನಿ ಒಡೆಯುತ್ತದೆ. ಪ್ಲೇಯರಿನ ಈಕ್ವಲೈಜರ್ ಆಫ್ ಮಾಡಿ.

ಆಮೇಲೆ ಟ್ರೆಬಲ್ (ಎತ್ತರದ ಸ್ವರ) ಇಳಿಸಿ. ಮೈಕಿನಲ್ಲಿ ಮಾಡಿದ ಆ ಕಾಲದ ರೆಕಾರ್ಡಿಂಗ್‌ಗಳು ಹೆಚ್ಚಾಗಿ ಸದ್ದನ್ನು ಸೆಕೆಂಡಿಗೆ 8,000 ಸಲ ಅಳೆದು ಉಳಿಸಿದವು. ಅದರ ಅರ್ಧ, ಅಂದರೆ 4,000 ಹರ್ಟ್ಸ್‌ಗಿಂತ ಮೇಲಿನ ಸ್ವರವೇ ಅದರಲ್ಲಿ ಇರುವುದಿಲ್ಲ. ಟ್ರೆಬಲ್ ಏರಿಸಿದರೆ ಬರುವುದು ಗೊರಗೊರ ಸದ್ದು ಮಾತ್ರ. ಮನುಷ್ಯನ ದನಿ ನಡುವಿನ ಜಾಗದಲ್ಲೇ ಇರುತ್ತದೆ. ಕಿವಿ ಯಂತ್ರ ಹಾಕಿರುವವರಿಗೆ ಜೋರು ಸದ್ದಿಗಿಂತ ತಿಳಿಯಾದ ಸದ್ದು ಮುಖ್ಯ.

ಗೋಣಿಕೊಪ್ಪ ಅಕ್ಕ (ನವೆಂಬರ್ 14, ರಾತ್ರಿ 7:40)

ಮೇಷ್ಟ್ರೇ, ಬ್ಲೂಟೂತ್ ಟ್ರಾನ್ಸ್‌ಮಿಟರ್ ಬಂತು, ಕೆಲಸ ಮಾಡುತ್ತಿದೆ. ಯಜಮಾನರ ಮೊಬೈಲ್ ಆಫ್ ಮಾಡಿದ ಮೇಲೆಯೇ ಕಾರಿಗೆ ಸೇರಿತು. ಕಾರಿನ ಪರದೆಯಲ್ಲಿ ಹಾಡಿನ ಹೆಸರು ಬರುವುದಿಲ್ಲ, ಮುಂದಿನ ಹಾಡಿಗೆ ಐಪಾಡನ್ನೇ ಒತ್ತಬೇಕು. ಅದನ್ನು ಪಕ್ಕದಲ್ಲಿ ಕೂತವರು ಮಾಡುತ್ತಾರೆ. ನನಗೆ ಅಷ್ಟು ಸಾಕು.

ತಿತಿಮತಿ, ಆನೆಚೌಕೂರು ಕಡೆ ಹೋಗುವವರಿಗೆ ಒಂದು ಮಾತು. ಸದ್ದು ಚೆನ್ನಾಗಿ ಬರುತ್ತದೆ ಅಂತ ಆ ರಸ್ತೆಯಲ್ಲಿ ಜೋರಾಗಿ ಹಾಕಬೇಡಿ. ಆನೆ ದಾಟುವ ಜಾಗ. ಗಾಜು ಸ್ವಲ್ಪ ಇಳಿಸಿ, ಹಾಡು ನಿಲ್ಲಿಸಿ ಹೋದರೆ ಕೊಂಬೆ ಮುರಿಯುವ ಸದ್ದು ಮೊದಲೇ ಕೇಳುತ್ತದೆ. ಮೂರ್ನಾಡಿನವರು ಮೈಸೂರಿಗೆ ಈ ದಾರಿಯಲ್ಲೇ ಹೋಗುತ್ತಾರೇನೋ ಅಂತ ಹೇಳಿದೆ.

ಮೂರ್ನಾಡು ತೋಟ (ನವೆಂಬರ್ 15, ಬೆಳಿಗ್ಗೆ 7:00)

ಹೌದು ಅಕ್ಕ, ಅದೇ ದಾರಿ. ಖಂಡಿತ ನಿಲ್ಲಿಸುತ್ತೇವೆ.

ಮೂರ್ನಾಡು ತೋಟ (ಡಿಸೆಂಬರ್ 6, ರಾತ್ರಿ 9:10)

ಪುತ್ತರಿ ಮುಗಿಸಿ ಐನ್‌ಮನೆಯಿಂದ ಬಂದೆವು. ನಿಮಗೆಲ್ಲ ಹೇಳದೆ ಇರಲು ಆಗುವುದಿಲ್ಲ.

ಪವರ್ ಬ್ಯಾಂಕ್ ಹಾಕಿದ ಮೇಲೆ ಕುಂಯ್ ಸದ್ದು ಪೂರ್ತಿ ನಿಂತಿತು. ಜಾಕ್ ಒರೆಸಿದ ಮೇಲೆ ಎರಡೂ ಸ್ಪೀಕರ್ ಸರಿಯಾದವು. ಟ್ರೆಬಲ್ ಕಾಲು ಭಾಗಕ್ಕೆ ಇಳಿಸಿದೆ. ನಮ್ಮ ಕಾರಿನಲ್ಲಿ ಸ್ಪೀಕರ್ ಇರುವುದು ಹಿಂದಿನ ಗಾಜಿನ ಕೆಳಗೆ. ಯಾವಾಗಲೂ ಮುಂದೆ ಕೂರುವ ಅಪ್ಪ ಅವತ್ತು ಹಿಂದಿನ ಸೀಟಿನಲ್ಲಿ ಕೂತರು.

ಮೂರ್ನಾಡು ದಾಟಿದ ಮೇಲೆ ಪ್ಲೇಯರಿನ ಗುಂಡಿ ಅವರೇ ಒತ್ತಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳುವುದು ಮೊದಲು ಬರುತ್ತದೆ, ಆಮೇಲೆ ದುಡಿ. ಇಯರ್‌ಫೋನಿನಲ್ಲಿ ನಾನು ಕೇಳಿದಾಗ ಅದರ ಹಿಂದೆ ಏನೋ ಗೊರಗೊರ ಅನ್ನುತ್ತಿತ್ತು. ಕಾರಿನಲ್ಲಿ ಕೇಳಿದಾಗ ಅದು ಜನ ಮಾತಾಡುವ ಸದ್ದು ಅಂತ ಗೊತ್ತಾಯಿತು. ಒಂದು ಕಡೆ ಒಬ್ಬರು ಹೆಂಗಸು ಯಾರನ್ನೋ ಊಟಕ್ಕೆ ಕರೆಯುತ್ತಾರೆ. ಅಪ್ಪ ಕಾರು ನಿಲ್ಲಿಸು ಅಂದರು. ರಸ್ತೆ ಪಕ್ಕ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ರೆಕಾರ್ಡಿಂಗನ್ನು ಹಿಂದಕ್ಕೆ ಹಾಕಿ ಮತ್ತೆ ಕೇಳಿದರು. ಅದು ನಿನ್ನ ಅಮ್ಮ ಅಂದರು.

ಅಮ್ಮ ಹೋಗಿ ಒಂಬತ್ತು ವರ್ಷ. ಆ ರೆಕಾರ್ಡಿಂಗಿನಲ್ಲಿ ಅವರ ದನಿಯೂ ಇದೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೇಷ್ಟ್ರೇ, ವೈರಿಂಗ್ ಅಣ್ಣ, ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಿಲ್ಲ. ಈ ಸಲ ತೋಟದ ಕಾಫಿಪುಡಿ ಮಾಡಿಸಿದಾಗ ನಿಮಗೆಲ್ಲ ಕಳಿಸುತ್ತೇನೆ.

ಸೋಮವಾರಪೇಟೆ ಮೇಷ್ಟ್ರು (ಡಿಸೆಂಬರ್ 6, ರಾತ್ರಿ 9:45)

ಓದಿ ಕಣ್ಣು ತುಂಬಿತು. ಅಮ್ಮನ ಮಾತು ಬರುವುದು ಎಷ್ಟನೇ ನಿಮಿಷದಲ್ಲಿ ಅಂತ ಇವತ್ತೇ ಒಂದು ಚೀಟಿಯಲ್ಲಿ ಬರೆದು ಪೆನ್‌ಡ್ರೈವ್ ಜೊತೆ ಇಡಿ. ಹಾಡಿನ ಸಾಲುಗಳನ್ನೂ ಅಪ್ಪನಿಂದ ಕೇಳಿ ಬರೆದುಕೊಳ್ಳಿ. ದುಡಿಯ ಸದ್ದಿನಲ್ಲಿ ಮುಚ್ಚಿಹೋದ ಶಬ್ದಗಳು ಅವರಿಗೆ ಮಾತ್ರ ಗೊತ್ತಿರುತ್ತವೆ.

ಸಂಪಾಜೆ ಘಾಟಿ (ಡಿಸೆಂಬರ್ 7, ಬೆಳಿಗ್ಗೆ 6:20)

ಅಣ್ಣ, ತುಂಬಾ ಸಂತೋಷವಾಯಿತು. ನನ್ನ ಸ್ಟೀರಿಯೋವನ್ನೂ ಎಳೆಸಿ ನೋಡಿದೆ, ಹಿಂದೆ ಆಕ್ಸ್ ಇನ್ ಇಲ್ಲ, ಲೈನ್ ಔಟ್ ಮಾತ್ರ. ಬೇರೆ ಹಾಕಿಸುವುದಾದರೆ ಯಾವ ಅಳತೆ ಕೇಳಬೇಕು?

ಕುಶಾಲನಗರ ವೈರಿಂಗ್ (ಡಿಸೆಂಬರ್ 7, ಬೆಳಿಗ್ಗೆ 8:30)

ಮುಂಭಾಗ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ ಇದ್ದರೆ ಸಿಂಗಲ್ ಡಿನ್. 100 ಎತ್ತರ ಇದ್ದರೆ ಡಬಲ್ ಡಿನ್. ಮುಂದೆಯೇ ಆಕ್ಸ್ ತೂತು ಇರುವುದನ್ನು ಕೇಳಿ, ಈಗ ಎಲ್ಲದರಲ್ಲೂ ಕೊಡುವುದಿಲ್ಲ.

ಹಾಕಿಸುವಾಗ ಹಳದಿ ಮತ್ತು ಕೆಂಪು ವೈರ್ ಸರಿಯಾಗಿ ಸೇರಿದೆಯೇ ಅಂತ ನಿಂತು ನೋಡಿ. ಹಳದಿ ಯಾವಾಗಲೂ ಕರೆಂಟ್ ಇರುವ ವೈರಿಗೆ, ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರಿಗೆ. ಎರಡು ಅದಲುಬದಲಾದರೆ ಕೀ ತೆಗೆದಾಗಲೆಲ್ಲ ಸ್ಟೇಷನ್ ಮರೆತುಹೋಗುತ್ತದೆ. ಎರಡನ್ನೂ ಯಾವಾಗಲೂ ಕರೆಂಟ್ ಇರುವ ವೈರಿಗೇ ಕಟ್ಟಿಬಿಟ್ಟರೆ ವಾರ ನಿಲ್ಲಿಸಿದ ಗಾಡಿಯ ಬ್ಯಾಟರಿ ಇಳಿದುಹೋಗಬಹುದು. ಫ್ಯೂಸ್ ಹೋದರೆ ಅದೇ ಆಂಪಿಯರಿನದ್ದು ಹಾಕಿ, ದೊಡ್ಡದು ಬೇಡ. ಭಾನುವಾರ ಕುಶಾಲನಗರ ಕಡೆ ಬಾಡಿಗೆ ಇದ್ದರೆ ಗಾಡಿ ತನ್ನಿ, ನಾನೇ ನೋಡುತ್ತೇನೆ.